ಆಡಿಯೊ ರಿಸೀವರ್: ನಿಯಂತ್ರಣ ಮತ್ತು ನೆಟ್‌ವರ್ಕ್ ವಿಭಾಗ

ಮನೆಯ ಆಡಿಯೊ ರಿಸೀವರ್‌ನಲ್ಲಿ ಧ್ವನಿಯ ಹಾದಿಯನ್ನು ಆಳುವುದು ಪುಟ್ಟದೊಂದು ಮೈಕ್ರೊಕಂಟ್ರೋಲರ್. ಇಂದಿನ ಬಹುತೇಕ ಮಾದರಿಗಳಲ್ಲಿ ವಾಲ್ಯೂಮ್ ಗುಂಡಿಯ ಮೂಲಕ ಧ್ವನಿ ಸಂಕೇತ ಹರಿಯುವುದೇ ಇಲ್ಲ; ಗುಂಡಿ ತಿರುಗಿದಾಗ ಹುಟ್ಟುವ ಮಿಡಿತಗಳನ್ನು ಎಣಿಸಿ, ಕಂಟ್ರೋಲರ್ ವಾಲ್ಯೂಮ್ ಚಿಪ್‌ಗೆ ಆಜ್ಞೆ ಕೊಡುತ್ತದೆ. ಇಂಥ ಆಜ್ಞೆಗಳು ಓಡಾಡುವ ಒಂದು ದಾರಿ, ಫಿಲಿಪ್ಸ್ 1982ರಲ್ಲಿ ರೂಪಿಸಿದ ಐ-ಸ್ಕ್ವೇರ್ಡ್-ಸಿ ಬಸ್. ಅದಕ್ಕೆ ಬೇಕಾದ್ದು ಎರಡೇ ಎಳೆಗಳು: ಒಂದರಲ್ಲಿ ದತ್ತಾಂಶ, ಇನ್ನೊಂದರಲ್ಲಿ ಕ್ಲಾಕ್.

ಕಾವಲಿನ ಹೊಣೆಯೇ ಮೈಕ್ರೊಕಂಟ್ರೋಲರ್‌ನ ಅತಿ ಬೆಲೆಯುಳ್ಳ ಕೆಲಸ. ಆಂಪ್ಲಿಫೈಯರ್‌ನಿಂದ ಸ್ಪೀಕರ್‌ನತ್ತ ಡಿಸಿ (ನೇರ ವಿದ್ಯುತ್) ಹೊರಟದ್ದು ಕಂಡರೆ ರಿಲೇ ಕೂಡಲೇ ಸಂಪರ್ಕ ಕಡಿಯುತ್ತದೆ.

ನೆಟ್‌ವರ್ಕ್‌ಗೆ ಸಾಮಾನ್ಯವಾಗಿ ಪ್ರತ್ಯೇಕ ಪ್ರೊಸೆಸರ್ ಇರುತ್ತದೆ. ಈಥರ್ನೆಟ್ ಅಥವಾ ವೈ-ಫೈನಲ್ಲಿ ಏರುಪೇರಾಗಿ ಬರುವ ಪ್ಯಾಕೆಟ್‌ಗಳನ್ನು ಅದು ಬಫರ್‌ನಲ್ಲಿ ಕೂಡಿಟ್ಟು, ಸಮಗತಿಯಲ್ಲಿ ಮುಂದಕ್ಕೆ ಕಳಿಸುತ್ತದೆ. ಡೆನಾನ್‌ನ ಹಲವು ರಿಸೀವರ್‌ಗಳು 23ನೇ ಟಿಸಿಪಿ ಪೋರ್ಟ್‌ನಲ್ಲಿ ಸರಳ ಅಕ್ಷರಗಳ ಆಜ್ಞೆಗಳನ್ನೂ ಪಾಲಿಸುತ್ತವೆ: ‘ಎಂವಿಯುಪಿ’ ಎಂದು ಕಳಿಸಿದರೆ ವಾಲ್ಯೂಮ್ ಒಂದು ಹಂತ ಏರುತ್ತದೆ.