ಪ್ರೀಪೋನ್

ಗೊತ್ತುಪಡಿಸಿದ ದಿನಕ್ಕಿಂತ ಅಥವಾ ಹೊತ್ತಿಗಿಂತ ಮೊದಲೇ ಒಂದು ಕಾರ್ಯಕ್ರಮವನ್ನು ನಿಗದಿಮಾಡು ಎಂಬ ಅರ್ಥದ ಇಂಗ್ಲಿಷ್ ಸಕರ್ಮಕ ಕ್ರಿಯಾಪದ. ‘ಪೋಸ್ಟ್‌ಪೋನ್’ ಪದದಲ್ಲಿ ‘ನಂತರ’ ಎನ್ನುವ ‘ಪೋಸ್ಟ್’ ಪೂರ್ವಪ್ರತ್ಯಯವಿದ್ದ ಜಾಗಕ್ಕೆ ‘ಮೊದಲು’ ಎನ್ನುವ ‘ಪ್ರೀ’ ಬಂದಿದೆ. ಉಳಿದ ಭಾಗದ ಮೂಲ ‘ಇಡು’ ಎಂಬ ಅರ್ಥದ ಲ್ಯಾಟಿನ್ ಧಾತು ‘ಪೋನೆರೆ’.

ಇದು ಭಾರತದಲ್ಲೇ ಹುಟ್ಟಿದ್ದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ‘ಮುಂದೆ ಇಡು’ ಎಂಬ ಅರ್ಥದಲ್ಲಿ 16ನೆಯ ಶತಮಾನದಲ್ಲಿಯೂ, ಇಂದಿನ ಅರ್ಥದಲ್ಲಿ 1913ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿಯೂ ಇದರ ಪ್ರಯೋಗವಿದೆ. ಆದರೆ ಅದು ಬೇರೂರಿದ್ದು ಭಾರತದ ಕಚೇರಿ, ಕಾಲೇಜುಗಳಲ್ಲಿ. ‘ಪರೀಕ್ಷೆ ಪ್ರೀಪೋನ್ ಆಗಿದೆ’ ಎಂಬುದು ಕನ್ನಡದ ಮಾತಿನಲ್ಲೂ ಸಹಜ. ಬ್ರಿಟನ್ನಿನಲ್ಲಿ ಇದೇ ಅರ್ಥಕ್ಕೆ ‘ಬ್ರಿಂಗ್ ಫಾರ್ವರ್ಡ್’ ಎನ್ನುತ್ತಾರೆ.

ಕನ್ನಡಿಗರಿಗೆ ತೊಡಕಾಗುವುದು ಇಲ್ಲೇ. ಆ ನುಡಿಗಟ್ಟನ್ನು ಪದಶಃ ಹಿಡಿದರೆ ‘ಮುಂದಕ್ಕೆ ತರು’ ಎಂದಾಗುತ್ತದೆ. ಕನ್ನಡದಲ್ಲಿ ‘ಮುಂದಕ್ಕೆ ಹಾಕು’, ‘ಮುಂದೂಡು’ ಎಂದರೆ ತಡಮಾಡು ಎಂದೇ ಅರ್ಥ, ಅಂದರೆ ನೇರ ವಿರುದ್ಧ. ‘ಪ್ರೀಪೋನ್’ ಈ ಗೊಂದಲಕ್ಕೆ ಎಡೆಗೊಡದ ಸ್ಪಷ್ಟ ಪದ. ಇದನ್ನು ತಪ್ಪು ಇಂಗ್ಲಿಷ್ ಎಂದು ತಳ್ಳಿಹಾಕುವುದು ನ್ಯಾಯವಲ್ಲ: ರಚನೆ ಕ್ರಮಬದ್ಧವಾಗಿದೆ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸ್ಥಾನ ಪಡೆದಿದೆ. ವಿದೇಶಿ ಓದುಗರಿಗೆ ಬರೆಯುವಾಗ ಮಾತ್ರ ಹೊಸ ದಿನಾಂಕವನ್ನೂ ಜೊತೆಗೆ ತಿಳಿಸುವುದು ಒಳ್ಳೆಯದು.