ಲೈಸಿನ್ ಇದೆ, ಗಿರಾಕಿ ಇಲ್ಲ

ಹಾವೇರಿ ಕಡೆ ಗೋವಿನಜೋಳ, ಮಂಡ್ಯ ಕಡೆ ಮುಸುಕಿನ ಜೋಳ, ದಾವಣಗೆರೆಯಲ್ಲಿ ಮೆಕ್ಕೆಜೋಳ. ಹೆಸರು ಯಾವುದಾದರೇನು, ಅದರ ದೊಡ್ಡ ಪಾಲು ಹೋಗುವುದು ಕೋಳಿಯ ಹೊಟ್ಟೆಗೆ. ಫಾರಂ ಕೋಳಿಯ ಮೇವಿನಲ್ಲಿ ಅರ್ಧಕ್ಕೂ ಹೆಚ್ಚು ಇದೇ ಕಾಳಿನ ನುಚ್ಚು. ಕಿಲೋಗೆ ಸುಮಾರು 3,300 ಕಿಲೋಕ್ಯಾಲೊರಿ ಶಕ್ತಿ ಕೊಡುವ ಈ ಧಾನ್ಯ ಪ್ರೋಟೀನಿನಲ್ಲಿ ಮಾತ್ರ ಬಡವ. ಇರುವುದೇ ಶೇ 8–9. ಅದರಲ್ಲೂ ಅರ್ಧದಷ್ಟು ಝೀನ್, ಅಂದರೆ ಲೈಸಿನ್ ಎಂಬ ಅಮೈನೋ ಆಮ್ಲ ಹೆಚ್ಚುಕಡಿಮೆ ಇಲ್ಲದ ಪ್ರೋಟೀನು. ಲೈಸಿನ್ ಸಾಲದೆ ಬ್ರಾಯ್ಲರ್ ಮರಿಯ ಎದೆ ತುಂಬಿಕೊಳ್ಳುವುದಿಲ್ಲ. ಆ ಕೊರತೆಯನ್ನು ದುಬಾರಿ ಸೋಯಾ ಹಿಂಡಿ ತುಂಬಬೇಕು.

ಭಾರತದಲ್ಲಿ ಮೆಕ್ಕೆಜೋಳದ ಸಂಘಟಿತ ಸಂಶೋಧನೆ ಶುರುವಾದದ್ದು 1957ರ ಅಖಿಲ ಭಾರತ ಸಮನ್ವಯ ಯೋಜನೆಯಿಂದ. 1961ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಹೈಬ್ರಿಡ್‌ಗಳು ಬಂದವು. ಆಗ ಎಲ್ಲರ ಲೆಕ್ಕ ಎಕರೆಗೆ ಎಷ್ಟು ಚೀಲ ಎಂಬುದೊಂದೇ.

1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಎಡ್ವಿನ್ ಮರ್ಟ್ಜ್, ಲಿನ್ ಬೇಟ್ಸ್, ಆಲಿವರ್ ನೆಲ್ಸನ್ ಹೊಸ ಸುದ್ದಿ ಕೊಟ್ಟರು: ಓಪೇಕ್-2 ಎಂಬ ಜೀನ್ ರೂಪಾಂತರ ಇರುವ ಕಾಳಿನಲ್ಲಿ ಲೈಸಿನ್ ಸುಮಾರು ಎರಡು ಪಟ್ಟು. ಅದನ್ನು ತಿಂದ ಇಲಿಗಳು ಮೂರು ಪಟ್ಟಿಗೂ ಹೆಚ್ಚು ಬೇಗ ಬೆಳೆದವು. ಭಾರತ ತಡಮಾಡಲಿಲ್ಲ, 1971ರಲ್ಲೇ ಶಕ್ತಿ, ರತನ್, ಪ್ರೋಟಿನಾ ತಳಿಗಳು ಬಿಡುಗಡೆಯಾದವು. ಆದರೆ ಆ ಕಾಳನ್ನು ಸೀಳಿದರೆ ಒಳಗೆಲ್ಲ ಸೀಮೆಸುಣ್ಣದಂಥ ಬಿಳಿ ಹುಡಿ. ಬೇಗ ಒಣಗದು, ಹುಳಕ್ಕೆ ಸಲೀಸು, ಇಳುವರಿಯೂ ಕಡಿಮೆ. ರೈತ ಕೈಬಿಟ್ಟ.

ಮೆಕ್ಸಿಕೋದಲ್ಲಿರುವ ಮೆಕ್ಕೆಜೋಳ–ಗೋಧಿ ಸಂಶೋಧನಾ ಸಂಸ್ಥೆ ಸಿಮಿಟ್‌ನಲ್ಲಿ ಭಾರತದ ಸುರಿಂದರ್ ವಾಸಲ್ ಮತ್ತು ಮೆಕ್ಸಿಕೋದ ಇವಾಂಜೆಲಿನಾ ವಿಯೆಗಾಸ್ ಬಿಡಲಿಲ್ಲ. ಅಡಿಯಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಕಾಳು ಹರಡಿ ನೋಡುವುದು: ಬೆಳಕು ಹಾಯುವ ಭಾಗ ಗಟ್ಟಿ, ಮಬ್ಬಾಗಿ ಕಾಣುವುದು ಮೆತ್ತಗೆ. ಹೀಗೆ ತಲೆಮಾರುಗಟ್ಟಲೆ ಆರಿಸಿ, ಪ್ರತಿಸಲವೂ ಲೈಸಿನ್ ಅಳೆದು, ಗಟ್ಟಿಕಾಳನ್ನೂ ಪೋಷಣೆಯನ್ನೂ ಒಂದೇ ತೆನೆಗೆ ತಂದರು. ಇದೇ ಕ್ಯೂಪಿಎಂ, ಅಂದರೆ ಗುಣಮಟ್ಟದ ಪ್ರೋಟೀನಿನ ಮೆಕ್ಕೆಜೋಳ. ಇವರಿಗೆ 2000ದಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಭಾರತದಲ್ಲಿ 1997ರಲ್ಲಿ ಶಕ್ತಿ-1, 2005ರಲ್ಲಿ ಕರ್ನಾಲ್ ಕೇಂದ್ರದ ಎಚ್‌ಕ್ಯೂಪಿಎಂ-1, 2008ರಲ್ಲಿ ಅಲ್ಮೋರಾದ ವಿವೇಕ್ ಕ್ಯೂಪಿಎಂ-9 ಹೊರಬಂದವು.

ಹಾಗಿದ್ದರೂ ಕೋಳಿ ಮೇವಿನ ಗಿರಣಿಗಳು ಈ ತಳಿಗಳ ಹಿಂದೆ ಬೀಳಲಿಲ್ಲ. ತಪ್ಪು ತಳಿಯದಲ್ಲ. ಮೆಕ್ಕೆಜೋಳ–ಸೋಯಾ ಮೇವಿನಲ್ಲಿ ಕೋಳಿಗೆ ಮೊದಲು ಕಡಿಮೆ ಬೀಳುವುದು ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ. ಅದು ಈ ತಳಿಗಳಲ್ಲೂ ಹೆಚ್ಚಿಲ್ಲ. ಎರಡನೆಯದಾಗಿ ಬರುವ ಲೈಸಿನ್ನನ್ನು ಬ್ಯಾಕ್ಟೀರಿಯಾ ಹುದುಗಿಸಿ ತೆಗೆಯುವುದನ್ನು ಜಪಾನ್ 1950ರ ದಶಕದ ಕೊನೆಯಲ್ಲೇ ಕಲಿತಿತ್ತು. ತಳಿತಜ್ಞರು ನಾಲ್ಕು ದಶಕ ಬೆವರಿಳಿಸಿ ಬೀಜದಲ್ಲಿಟ್ಟದ್ದನ್ನು ಕಾರ್ಖಾನೆ ಚೀಲಕ್ಕೆ ತುಂಬಿ ಮಾರಿತು. ಫೈಟೇಟ್ ಕಥೆಯೂ ಇದೇ. ಕಾಳಿನ ರಂಜಕದ ಮೂರರಲ್ಲೆರಡು ಪಾಲು ಆ ರೂಪದಲ್ಲಿ ಬಿಗಿದುಕೊಂಡಿದ್ದು, ಕೋಳಿಗೆ ಹೆಚ್ಚಾಗಿ ದಕ್ಕದು. 1990ರ ದಶಕದಲ್ಲಿ ಕಡಿಮೆ ಫೈಟೇಟಿನ ರೂಪಾಂತರಗಳು ಸಿಕ್ಕವು. ಅಷ್ಟರಲ್ಲಿ ಆ ರಂಜಕವನ್ನು ಬಿಡಿಸಿಕೊಡುವ ಫೈಟೇಸ್ ಕಿಣ್ವ ಮಾರುಕಟ್ಟೆಗೆ ಬಂದಿತ್ತು.

ಇನ್ನು ಪರಾಗದ ಪೇಚು. ಪಕ್ಕದ ಹೊಲದ ಸಾಮಾನ್ಯ ಮೆಕ್ಕೆಜೋಳದ ಪರಾಗ ಬಿದ್ದರೆ ಆ ಕಾಳಿನ ಲೈಸಿನ್ ಗುಣ ಹೋಯಿತು. ಉಳಿದದ್ದೂ ಎಪಿಎಂಸಿ ರಾಶಿಯಲ್ಲಿ ಗುರುತು ಸಿಗದು. ವ್ಯಾಪಾರಿ ಹಿಡಿ ಕಾಳು ತೆಗೆದು ಬೂಸ್ಟು, ಬಣ್ಣ ನೋಡುತ್ತಾನೆ, ತೇವಾಂಶದ ಮೀಟರ್ ಹಿಡಿಯುತ್ತಾನೆ. ಲೈಸಿನ್ನಿಗೆ ಅಲ್ಲಿ ಯಾರ ಬಳಿಯೂ ಮೀಟರಿಲ್ಲ.

ಬಣ್ಣದ ಮಾತು ಬೇರೆ, ಅದಕ್ಕೆ ಗಿರಾಕಿ ಇದ್ದಾನೆ. ಗುಜರಾತಿನ ಪಂಚಮಹಲ್, ದಾಹೋದ್‌ಗಳ ಆದಿವಾಸಿಗಳು ಬಿಳಿ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಾರೆ; ಗೋಧ್ರಾ ಕೇಂದ್ರದ ‘ನರ್ಮದಾ ಮೋತಿ’ ಅಂಥ ಬಿಳಿ ತಳಿ. ಅದನ್ನೇ ಕೋಳಿಗೆ ಹಾಕಿದರೆ ಮೊಟ್ಟೆಯ ಭಂಡಾರ ಪೇಲವ. ಅಹಮದಾಬಾದಿನವರಾಗಲಿ ಬೆಂಗಳೂರಿನವರಾಗಲಿ ಕೇಳುವ ಹಳದಿ ಬರುವುದು ಹಳದಿ ಕಾಳಿನ ಲ್ಯೂಟಿನ್, ಝಿಯಾಕ್ಸಾಂಥಿನ್‌ಗಳಿಂದ. ವಿಟಮಿನ್ ‘ಎ’ಗಾಗಿ 2017ರಲ್ಲಿ ಪೂಸಾ ವಿವೇಕ್ ಕ್ಯೂಪಿಎಂ-9 ಇಂಪ್ರೂವ್ಡ್ ಬಂತು. ಬೀಟಾ ಕ್ಯಾರೊಟಿನ್ ಝಿಯಾಕ್ಸಾಂಥಿನ್ ಆಗುವ ದಾರಿಯನ್ನು ತಡೆದು ಮಾಡಿದ ತಳಿ ಅದು. ಹಾಗಾಗಿ ವಿಟಮಿನ್ ಏರಿತೆಂದು ಭಂಡಾರದ ರಂಗೂ ಏರಬೇಕೆಂದಿಲ್ಲ.

ಈಗ ಎಥೆನಾಲ್ ಡಿಸ್ಟಿಲರಿಗಳೂ ಅದೇ ರಾಶಿಗೆ ಕೈ ಹಾಕಿವೆ. ಪಿಷ್ಟ ಅವರಿಗೆ, ಉಳಿದ ಒಣ ಹಿಂಡಿ ಕೋಳಿ ಮೇವಿಗೆ. ಅದರಲ್ಲಿ ಪ್ರೋಟೀನು ಮೂರು ಪಟ್ಟು, ಲೈಸಿನ್ ಮಾತ್ರ ಅದೇ ಬಡತನದ್ದು. ಮಳೆಗೆ ಸಿಕ್ಕಿ, ರಸ್ತೆ ಬದಿಯಲ್ಲಿ ಅರ್ಧಂಬರ್ಧ ಒಣಗಿದ ಕಾಳಿನಲ್ಲಿ ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಇತ್ತೋ, ಅದೂ ಸುಮಾರು ಮೂರು ಪಟ್ಟಾಗಿ ಆ ಹಿಂಡಿಗೆ ಇಳಿಯುತ್ತದೆ.