ನಲವತ್ತೆಂಟು ಚೌಕಟ್ಟುಗಳು

2012ರ ಡಿಸೆಂಬರಿನಲ್ಲಿ ನಾವು ಕಚೇರಿಯ ಗೆಳೆಯರು ಹೈದರಾಬಾದಿನ ಚಿತ್ರಮಂದಿರವೊಂದರಲ್ಲಿ ‘ದಿ ಹಾಬಿಟ್’ ನೋಡಿದೆವು. 1937ರಲ್ಲಿ ಪ್ರಕಟವಾದ ಟಾಲ್ಕಿನ್ನರ ಕಾದಂಬರಿಯನ್ನು ಪೀಟರ್ ಜಾಕ್ಸನ್ ಸೆಕೆಂಡಿಗೆ 48 ಚೌಕಟ್ಟುಗಳ ವೇಗದಲ್ಲಿ ಚಿತ್ರಿಸಿದ್ದರು. ಕುಬ್ಜರ ಗಡ್ಡದ ಎಳೆ ಎಳೆಯೂ ಕಂಡಿತು. ಅದು ಅಂಟಿಸಿದ ಗಡ್ಡವೆಂಬುದೂ ಕಂಡಿತು.

ರೂಢಿಯ ವೇಗ 24. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ವೇಗ ಏರಿಳಿಯುತ್ತಿತ್ತು. 1920ರ ದಶಕದ ಕೊನೆಗೆ ಚಿತ್ರಕ್ಕೆ ಮಾತು ಬಂದಾಗ, ಸ್ವರ ಕೆಡದಿರಲು ವೇಗ ಸ್ಥಿರವಾಗಬೇಕಾಯಿತು. ಧ್ವನಿಯ ಸ್ಪಷ್ಟತೆಗೂ ರೀಲಿನ ಖರ್ಚಿಗೂ ಹೊಂದುವಂತೆ 24 ನೆಲೆಯಾಯಿತು. ಆ ವೇಗದ ತುಸು ಮಸುಕನ್ನೇ ನಮ್ಮ ಕಣ್ಣು ಕಥಾಲೋಕವೆಂದು ಒಪ್ಪಿಕೊಂಡಿತು.

ಕನ್ನಡ ಚಿತ್ರಕ್ಕೆ ಮಾತು ಬಂದದ್ದು 1934ರಲ್ಲಿ, ವೈ.ವಿ. ರಾವ್ ನಿರ್ದೇಶನದ ‘ಸತಿ ಸುಲೋಚನಾ’ದಿಂದ. ನಮ್ಮಂತೆಯೇ ಅದರ ಬದುಕೂ ಹೊರನಾಡಿನದು: ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಇಂದ್ರಜಿತುವಿನ ಮಡದಿಯ ಆ ಕಥೆಯನ್ನು ನಮ್ಮ ಅಜ್ಜಂದಿರ ತಲೆಮಾರು ನೋಡಿತು. 169 ನಿಮಿಷಗಳ ‘ಹಾಬಿಟ್’ನಲ್ಲಿ ಒಂದೊಂದು ಕಣ್ಣಿಗೇ ಸುಮಾರು 4.87 ಲಕ್ಷ ಚೌಕಟ್ಟುಗಳು. ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ನೋಡಲು ಉಳಿದಿಲ್ಲ.

ಗಡ್ಡದ ಅಂಟು ಕಂಡಿತೆಂದು ಹಾದಿಯುದ್ದಕ್ಕೂ ಗೊಣಗಿದೆವು. ಮನೆ ಸೇರುವ ಹೊತ್ತಿಗೆ ಮಾತು ಕನ್ನಡದ ಮೊದಲ ವಾಕ್ಚಿತ್ರದತ್ತ ಹೊರಳಿತ್ತು. ಆ ಮಸುಕು ಚಿತ್ರದ ಒಂದು ನಿಮಿಷವಾದರೂ ಕಾಣಸಿಕ್ಕಿದ್ದರೆ, ಅಂಟಿಸಿದ ಗಡ್ಡವನ್ನೂ ನಾವು ಕಣ್ತುಂಬ ನೋಡುತ್ತಿದ್ದೆವು.